ಉಣ್ಣುವವರ ಲೆಕ್ಕ

ನಮ್ಮ ಮನೆಯಲ್ಲಿ ಎಷ್ಟು ಜನ ಉಣ್ಣುತ್ತೀರಿ ಎಂದು ಮೊಟ್ಟಮೊದಲು ಕೇಳಿದ್ದು ಜರ್ಮನಿ ದೇಶದ ತೆರಿಗೆ ಕಚೇರಿ. ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅಪ್ಪ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದು ಕಳಿಸುತ್ತಿದ್ದರು.

ಅಪ್ಪ ಮೈಸೂರಿನ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಆಯಸ್ಸಿನ ಬಹುಪಾಲು ಅಕ್ಕಿ, ಬೇಳೆ, ರಾಗಿಹಿಟ್ಟು ಅಳೆದುಕೊಡುವುದರಲ್ಲೇ ಕಳೆಯಿತು. ಅಲ್ಲಿ ಅಡುಗೆಯವರಿಂದ ಹಿಡಿದು ಸ್ವಾಮಿಗಳವರೆಗೆ ಎಲ್ಲರೂ ಪಾಲಿಸುವ ಒಂದು ಪದ್ಧತಿ ಇತ್ತು. ಪಂಕ್ತಿಯಲ್ಲಿ ಕೂತವರ ತಲೆ ಎಣಿಸಬಾರದು. ಎಲೆ ಎಣಿಸಬಹುದು, ಲೋಟ ಎಣಿಸಬಹುದು, ತಲೆಯನ್ನು ಮಾತ್ರ ಎಣಿಸುವಂತಿಲ್ಲ. ಎಣಿಸಿದರೆ ಮಾಡಿದ ಅಡುಗೆ ಸಾಲದೆ ಹೋಗುತ್ತದೆ ಎಂಬ ನಂಬಿಕೆ. ನಮ್ಮ ಮನೆಗೂ ಅದೇ ಕಾನೂನು. ಚಿಕ್ಕವನಿದ್ದಾಗ ಯಾವುದೋ ಹಬ್ಬದ ದಿನ ಊಟಕ್ಕೆ ಕೂತ ನೆಂಟರನ್ನು ಬೆರಳು ತೋರಿಸಿ ಒಂದು, ಎರಡು ಎಂದು ಶುರುಮಾಡಿದ್ದಕ್ಕೆ ಅಪ್ಪ ಎಲ್ಲರೆದುರೇ ನನ್ನ ಕೈಮೇಲೆ ಬಾರಿಸಿದ್ದರು. ಹೊಡೆದದ್ದು ಅದೊಂದೇ ಸಲ ಎಂದು ನೆನಪು.

ಇಂಥ ಮನುಷ್ಯನಿಗೆ ನಿವೃತ್ತಿಯಾದಾಗ ಒಂದು ಶಾಲು, ಹಣ್ಣಿನ ಬುಟ್ಟಿ ಸಿಕ್ಕವು. ಪಿಂಚಣಿ ಗಿಂಚಣಿ ಏನೂ ಇರಲಿಲ್ಲ. ಆಗ ಮನೆಯ ಭಾರ ಹೊತ್ತವಳು ಅಕ್ಕ. ಅವಳು ನರ್ಸಿಂಗ್ ಓದಿ, ಜೊತೆಯಲ್ಲಿ ಓದಿದ ಕೇರಳದ ಹುಡುಗಿಯ ಬೆನ್ನು ಹಿಡಿದು ಜರ್ಮನಿಗೆ ಹೋಗಿ, ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಳು. ಮದುವೆ ಆಗಲಿಲ್ಲ. ಅದಕ್ಕೆ ಕಾರಣ ನಾವೇ ಎಂದು ಯಾರೂ ಅನ್ನುತ್ತಿರಲಿಲ್ಲ, ಆದರೆ ನಮಗೆಲ್ಲ ಗೊತ್ತಿತ್ತು.

ಇನ್ನು ನನ್ನ ಕಥೆ. ಉದಯಗಿರಿಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ತೊಂಬತ್ತರ ದಶಕದ ಮೊದಲರ್ಧದಲ್ಲಿ ಜೂನಿಯರ್, ಸೀನಿಯರ್ ಎಂದು ಬೆಳಗಿನಿಂದ ಬ್ಯಾಚು ನಡೆಯುತ್ತಿದ್ದವು. ಕೆಳಗೆ ಸೈಕಲ್ ರಿಮ್ಮಿನ ಸದ್ದು, ಮೇಲೆ ನಮ್ಮ ಯಂತ್ರಗಳ ಸದ್ದು. ಆಮೇಲೆ ಬೀದಿಬೀದಿಗೆ ಕಂಪ್ಯೂಟರ್ ಕ್ಲಾಸು ಬಂದವು. ನನ್ನ ಯಂತ್ರಗಳ ಮೇಲೆ ಒಂದೊಂದಾಗಿ ಹೊದಿಕೆ ಬಿದ್ದವು. "ಕಂಪ್ಯೂಟರೆಲ್ಲ ನಾಕು ದಿನದ ಆಟ" ಎಂದು ನಾನು ಬಹಳ ವರ್ಷ ಹೇಳುತ್ತಿದ್ದೆ. ನನ್ನ ಹೆಂಡತಿ ಅದನ್ನು ಕೇಳಿ ಕೇಳಿ ಕೊನೆಗೆ ಉತ್ತರ ಕೊಡುವುದನ್ನೇ ಬಿಟ್ಟಳು.

ನಮ್ಮದು ಇಟ್ಟಿಗೆಗೂಡಿನಲ್ಲಿ ಬಾಡಿಗೆ ಮನೆ. ಹಜಾರ, ಒಂದು ರೂಮು, ಅಡುಗೆಮನೆ, ಹಿಂದೆ ಶೀಟು ಹೊದಿಸಿದ ಜಗಲಿ. ಬೆಳಗಿನ ಜಾವ ಮೃಗಾಲಯದಿಂದ ಸಿಂಹ ಕೂಗುವುದು ಕೇಳಿಸುತ್ತಿತ್ತು. ಹಿಂದಿನ ಜಗಲಿಯಲ್ಲಿ ನಿಂತರೆ ಬೆಟ್ಟ ಕಾಣುತ್ತಿತ್ತು. ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಆಗಿನ್ನೂ ಬೇಬಿ ಸಿಟ್ಟಿಂಗಿಗೆ ಹೋಗುತ್ತಿದ್ದ ನನ್ನ ಮಗಳು. ಅಕ್ಕ ಕಳಿಸುವ ದುಡ್ಡು ನನ್ನ ಬ್ಯಾಂಕ್ ಖಾತೆಗೆ ಬರುತ್ತಿತ್ತು, ಯಾಕೆಂದರೆ ಅಪ್ಪನಿಗೆ ಖಾತೆಯೇ ಇರಲಿಲ್ಲ. ನನ್ನ ದುಡ್ಡೂ ಅದರಲ್ಲೇ ಇತ್ತು. ಯಾವುದು ಯಾರದ್ದು ಎಂದು ನಾನು ನೋಡಲು ಹೋಗಲಿಲ್ಲ. ನೋಡದೆ ಇರುವುದು ನನಗೆ ಅನುಕೂಲವಾಗಿತ್ತು.

ಭಾನುವಾರದ ಬೆಳಿಗ್ಗೆ ಅಕ್ಕ ಇನ್‌ಸ್ಟಿಟ್ಯೂಟಿನ ಫೋನಿಗೆ ಮಾಡುತ್ತಿದ್ದಳು. ಒಂದು ಭಾನುವಾರ ಹೊಸ ವಿಷಯ ತೆಗೆದಳು.

"ಲೋ, ಇಲ್ಲಿ ಒಂಟಿಯಾಗಿರೋರಿಗೆ ಟ್ಯಾಕ್ಸ್ ಜಾಸ್ತಿ ಕಣೋ. ಸಂಬಳ ಕೈಗೆ ಬರೋ ಒತ್ಗೆ ಸವೆದೋಗಿರುತ್ತೆ. ಊರಲ್ಲಿರೋ ಅಪ್ಪ ಅವ್ವನ್ನ ನಾನೇ ಸಾಕ್ತಿದೀನಿ ಅಂತ ತೋರ್ಸಿದ್ರೆ ಸ್ವಲ್ಪ ವಾಪಸ್ ಕೊಡ್ತಾರಂತೆ. ನಮ್ ಕೇರಳದೋಳು ವರ್ಷಾ ವರ್ಷಾ ತಗೋತಾಳೆ."

"ತಗೋ ಮತ್ತೆ. ನೀನು ಸಾಕ್ತಿರೋದು ಸುಳ್ಳಾ?"

"ಅದಕ್ಕೊಂದು ಫಾರಂ ಅದೆ. ಅಲ್ಲಿನ ಸರ್ಕಾರಿ ಆಫೀಸಲ್ಲಿ ಸೀಲ್ ಹಾಕಿಸ್ಬೇಕು. ಕಳಿಸ್ತೀನಿ, ನೀನೇ ಟೈಪ್ ಮಾಡಿ ಹಾಕ್ಸ್ಬುಡು. ಬಂದಿದ್ದು ಪಾಪು ಸ್ಕೂಲ್ ಫೀಸಿಗೆ ಆಗ್ಲಿ. ನಂಗೆ ಬ್ಯಾಡ."

ಅಂದರೆ ಉಳಿಯುವ ತೆರಿಗೆ ಬರುವುದು ನನ್ನ ಮಗಳಿಗೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಫಾರಂ ಬಂತು. ಜರ್ಮನ್ ಭಾಷೆ, ಅದರ ಕೆಳಗೆ ಇರುವೆಯಷ್ಟು ಸಣ್ಣಕ್ಷರದಲ್ಲಿ ಇಂಗ್ಲಿಷು. ಜೊತೆಗೆ ಅಕ್ಕ ಅಲ್ಲಿನ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆದು ಕಳಿಸಿದ್ದಳು. ತಂದೆತಾಯಿಗೆ ಬೇರೆ ಆದಾಯ, ಆಸ್ತಿ ಇರಬಾರದು. ಕೈಯಲ್ಲಿ ಕೊಟ್ಟ ದುಡ್ಡು ಲೆಕ್ಕಕ್ಕಿಲ್ಲ, ಬ್ಯಾಂಕಿನ ಮೂಲಕವೇ ಹೋಗಿರಬೇಕು, ಅದೂ ಅವರದೇ ಹೆಸರಿನ ಖಾತೆಗೆ. ನಮ್ಮ ದೇಶದಲ್ಲಿ ಬದುಕು ಅಗ್ಗವಾದ್ದರಿಂದ ಅಲ್ಲಿನ ಮುದುಕರಿಗೆ ಸಿಗುವ ರಿಯಾಯಿತಿಯಲ್ಲಿ ಮೂರನೇ ಒಂದು ಭಾಗ ಮಾತ್ರ ನಮ್ಮ ಮುದುಕರಿಗೆ. ಅವ್ವನಿಗೆ ಇನ್ನೂ ಅರವತ್ತು ದಾಟಿರಲಿಲ್ಲವಾಗಿ, ಆಕೆ ಯಾಕೆ ದುಡಿಯುತ್ತಿಲ್ಲ ಎಂಬುದಕ್ಕೂ ಕಾರಣ ಬರೆಯಬೇಕಿತ್ತು.

ಅದನ್ನು ಓದಿ ಹೇಳಿದಾಗ ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ನಿಲ್ಲಿಸದೆ, "ನಾನು ದುಡೀತಿಲ್ಲ ಅಂತ ಅವ್ರಿಗೆ ಯಾರ್ ಏಳಿದ್ರು?" ಎಂದಳು. ನಾವೆಲ್ಲ ನಕ್ಕೆವು. ನಾನು 'ಮಂಡಿನೋವು' ಎಂದು ಟೈಪ್ ಮಾಡಿದೆ.

ಆಮೇಲೆ ಬಂದದ್ದು ತಲೆಗಳ ನಿಯಮ. ಮಗಳು ಕಳಿಸುವ ಹಣವನ್ನು ಆ ಮನೆಯಲ್ಲಿ ಇರುವ ಎಲ್ಲರ ತಲೆಗೂ ಸಮನಾಗಿ ಭಾಗಿಸುತ್ತಾರಂತೆ. ತಂದೆತಾಯಿಯ ಪಾಲಿಗೆ ಬಂದದ್ದಕ್ಕೆ ಮಾತ್ರ ರಿಯಾಯಿತಿ. ಗಟ್ಟಿಮುಟ್ಟಾದ ತಮ್ಮ, ತಮ್ಮನ ಹೆಂಡತಿ, ತಮ್ಮನ ಮಗು ಅದೇ ಮನೆಯಲ್ಲಿ ಉಣ್ಣುತ್ತಿದ್ದರೆ ಆ ಪಾಲುಗಳು ಬಿದ್ದುಹೋಗುತ್ತವೆ. ನಮ್ಮಲ್ಲಿ ಐದು ತಲೆ. ಎರಡು ಪಾಲು ಉಳಿಯುತ್ತದೆ, ಮೂರು ಬಿದ್ದುಹೋಗುತ್ತದೆ. ಆ ಬಿದ್ದುಹೋಗುವ ಮೂರು ನಾವು.

ಎಲ್ಲೋ ಏಳು ಸಮುದ್ರದಾಚೆ ಕೂತ, ನನ್ನ ಮುಖ ಕಾಣದ ಒಬ್ಬ ಗುಮಾಸ್ತ, ನಾನು ಅಕ್ಕನ ಅನ್ನ ಉಣ್ಣುವವನು ಎಂದು ಭಾಗಾಕಾರ ಮಾಡಿ ತೋರಿಸಿದ ಹಾಗಾಯಿತು. ಅವನು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಪ್ಪನಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಉಣ್ಣೋರ ತಲೆ ಎಣಿಸ್ತಾರಾ? ಎಂಥ ದೇಶ ಕಣಪ್ಪ ಅದು" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಭಾನುವಾರ ಅಕ್ಕ ಕೇಳಿದಳು: "ಏನ್ ಬರೀಲೋ? ಐದು ಅಂತ ಬರೀಲಾ?"

"ಬ್ಯಾಡ. ಎರಡು ಅಂತ ಬರಿ. ನಾವು ಬೇರೆ ಇದೀವಿ ಅಂತ ಬರಿ."

"ಬೇರೆ ಎಲ್ಲಿದೀರೋ?"

"ಒಂದೇ ಬಾಗಿಲಲ್ಲಿ ಎರಡು ಸಂಸಾರ ನಡೆಸೋರು ನಮ್ ಬೀದೀಲೇ ಬೇಕಾದಷ್ಟು ಜನ ಅವ್ರೆ. ಒಲೆ ಬೇರೆ ಆದ್ರೆ ಮನೆ ಬೇರೆ. ಅಷ್ಟೇ ತಾನೆ?"

ಅಕ್ಕ ದನಿ ತಗ್ಗಿಸಿದಳು. "ಅವ್ವಂಗೆ ಬೇಜಾರಾಗಲ್ವೇನೋ?"

"ಕಾಗದದ ಮೇಲೆ ತಾನೇ ಅಕ್ಕ. ಯಾರ್ ನೋಡಕ್ಕೆ ಬತ್ತಾರೆ?"

ಮಗಳ ಫೀಸಿಗಾಗಿ ಹಾಗೆಂದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಬೇಕಿದ್ದದ್ದು ಆ ಐದರೊಳಗಿಂದ ನನ್ನ ತಲೆ ಹೊರಗೆ ಬರುವುದು. ಅಕ್ಕನ ಅನ್ನ ಉಣ್ಣುವುದನ್ನು ಬಿಡುವ ಶಕ್ತಿ ನನಗಿರಲಿಲ್ಲ. ಪಟ್ಟಿಯಿಂದ ಹೆಸರು ತೆಗೆಸುವ ಶಕ್ತಿ ಇತ್ತು.

ತಾಲ್ಲೂಕು ಕಚೇರಿಯ ಅಧಿಕಾರಿ ಫಾರಮ್ಮನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದ್ಯಾವ ಭಾಷೆ ರೀ? ನಾಳೆ ಜರ್ಮನಿಯೋರು ಬಂದು ಸಾಲ ತೀರ್ಸು ಅಂತ ನನ್ ಕುತ್ತಿಗೆ ಹಿಡಿದ್ರೆ?" ಎಂದರು. ನಾನು ಇಡೀ ಫಾರಮ್ಮನ್ನು ಕನ್ನಡದಲ್ಲಿ ನೀಟಾಗಿ ಟೈಪ್ ಮಾಡಿ ಕೊಟ್ಟ ಮೇಲೆ ಓದಿದರು. ಒಳ್ಳೆಯ ಮನುಷ್ಯ. "ಎರಡೇ ಜನ ಅಂತ ಬರ್ದಿದೀರಿ. ನಿಮ್ ರೇಷನ್ ಕಾರ್ಡಲ್ಲಿ ಐದು ಹೆಸರದೆ. ನಮಗೆ ಕುಟುಂಬ ಅಂದ್ರೆ ಕಾರ್ಡಲ್ಲಿರೋದು ಕಣ್ರೀ. ಬೇರೆ ಕಾರ್ಡ್ ಮಾಡ್ಸ್ಕೊಂಡ್ ಬನ್ನಿ, ಸೀಲ್ ಹಾಕ್ತೀನಿ."

ಹೀಗೆ ಕಾಗದದ ಮೇಲೆ ಮಾತ್ರ ಇರಬೇಕಾದದ್ದು ಕಾಗದದಿಂದ ಕೆಳಗಿಳಿಯಿತು. ಬೇರೆ ಕಾರ್ಡಿಗೆ ಅರ್ಜಿ ಹಾಕಿದರೆ ಇನ್‌ಸ್ಪೆಕ್ಟರ್ ಮನೆಗೆ ಬಂದು ಒಲೆ ನೋಡುತ್ತಾರೆ. ಅದಕ್ಕೆ ಒಂದು ಬತ್ತಿ ಸ್ಟೌವ್ ತಂದು ಹಿಂದಿನ ಜಗಲಿಯಲ್ಲಿಟ್ಟೆ. ಪಕ್ಕದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಎರಡು ಪಾತ್ರೆ, ಒಂದು ಸೌಟು, ಉಪ್ಪಿನ ಡಬ್ಬಿ. ನನ್ನ ಹೆಂಡತಿ ಜೋಡಿಸುತ್ತಾ, "ಮಕ್ಕಳ ಆಟದ ಅಡುಗೆಮನೆ ಇದ್ದಂಗಿದೆ" ಎಂದು ನಕ್ಕಳು. ಮಗಳಿಗೆ ಖುಷಿಯೋ ಖುಷಿ. ಅವ್ವ ಬಾಗಿಲಿಗೊರಗಿ ನೋಡುತ್ತಾ ನಿಂತಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗಳಿಗೆ ಅಲ್ಲಿ ತೆರಿಗೆ ಉಳಿಯುತ್ತದೆ, ಮೊಮ್ಮಗಳಿಗೆ ಫೀಸು ಆಗುತ್ತದೆ, ಸಾಹೇಬರು ಬಂದಾಗ ಒಲೆ ಬೇರೆ ಅಂದರೆ ಸಾಕು. ಅವ್ವ ತಲೆಯಾಡಿಸಿದಳು.

ಇನ್‌ಸ್ಪೆಕ್ಟರ್ ಬಂದದ್ದು ಬೆಳಿಗ್ಗೆ. ಅವ್ವ ಆಗಷ್ಟೇ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದಳು. ಅವರು ಜಗಲಿ ನೋಡಿದರು, ಸ್ಟೌವ್ ನೋಡಿದರು. ನನ್ನನ್ನು ಏನೂ ಕೇಳಲಿಲ್ಲ.

"ಒಲೆ ಬೇರೇನಾ ಅಮ್ಮ?"

ಅವ್ವ ನನ್ನ ಮುಖ ನೋಡಿದಳು. ಒಂದು ಕೈ ಇನ್ನೂ ಲಿಂಗದ ದಾರದ ಮೇಲಿತ್ತು. "ಊಂ, ಬೇರೆ" ಎಂದಳು. ಅವರು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಸಾಹೇಬರಿಗೆ ಕಾಫಿ ಕೊಟ್ಟು ಕಳಿಸಿದೆವು. ಕಾಫಿ ಬಂದದ್ದು ಒಳಗಿನ ಒಲೆಯಿಂದ. ಅದನ್ನು ಅವರು ಗಮನಿಸಲಿಲ್ಲ.

ಅವತ್ತು ಸಂಜೆ ನಾನು ಉದಯಗಿರಿಯಿಂದ ಬಂದಾಗ ಹಿಂದಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಅವ್ವ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮುದ್ದೆ ತಿರುವುತ್ತಿದ್ದಳು. ಎರಡೇ ಮುದ್ದೆ.

"ಏನವ್ವ ಇದು?"

"ಕೊರಳಲ್ಲಿ ಲಿಂಗ ಇಟ್ಕೊಂಡು ಬೇರೆ ಅಂತ ಏಳ್ಬುಟ್ಟೆ ಕಣಪ್ಪ. ಏಳಿದ್ಮೇಲೆ ಅಂಗೇ ಇರ್ಬೇಕಲ್ವಾ?"

ನಾನು ನಕ್ಕೆ. ಎರಡು ದಿನ ಮಾಡಿ ಬಿಡುತ್ತಾಳೆ ಎಂದುಕೊಂಡೆ. ಅಪ್ಪ ಹಜಾರದಲ್ಲಿ ನನ್ನ ಜೊತೆ ಕೂತಿದ್ದವರು, ಅವ್ವ ಕರೆದಾಗ ಎದ್ದು ಜಗಲಿಗೆ ಹೋದರು.

ಅವ್ವ ಎರಡು ದಿನಕ್ಕೆ ಬಿಡಲಿಲ್ಲ. ಅಪ್ಪನ ಹೆಸರಿನಲ್ಲಿ ಖಾತೆ ತೆರೆದೆವು. ಅಪ್ಪ ಜೀವನದಲ್ಲಿ ಮೊದಲ ಸಲ ಪಾಸ್‌ಬುಕ್ ಹಿಡಿದು, ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಅಕ್ಕನ ದುಡ್ಡು ಈಗ ಅಲ್ಲಿಗೆ ಬರತೊಡಗಿತು. ಅಪ್ಪನೇ ಹೋಗಿ ಬಿಡಿಸಿಕೊಂಡು ಬಂದು ಅವ್ವನ ಕೈಗೆ ಕೊಡುತ್ತಿದ್ದರು. ಅವ್ವ ಬಾಡಿಗೆಯಲ್ಲಿ ಅರ್ಧ ಎಂದು ನನ್ನ ಹೆಂಡತಿಯ ಕೈಗೆ ಕೊಡುತ್ತಿದ್ದಳು, ಉಳಿದದ್ದರಲ್ಲಿ ತಮ್ಮಿಬ್ಬರದನ್ನು ನಡೆಸುತ್ತಿದ್ದಳು. ಅವರಿಬ್ಬರಿಗೆ ಬೇಕಾದದ್ದು ಎಷ್ಟು ಕಡಿಮೆ ಎಂದು ನನಗೆ ಗೊತ್ತಾದದ್ದು ಆಗಲೇ. ಹಾಗಾದರೆ ಇಷ್ಟು ವರ್ಷ ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಅವ್ವ ಕೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಒಳಗಿನ ಒಲೆಯ ಮೇಲೆ ನಮ್ಮ ಅಡುಗೆ ತೆಳ್ಳಗಾಯಿತು. ನಾನು ಕೆಲವು ಯಂತ್ರಗಳನ್ನು ಮಾರಿ ಒಂದು ಜೆರಾಕ್ಸ್ ಮೆಷಿನ್ ಹಾಕಿದೆ. ಅದಾದರೂ ಮೊದಲೇ ಮಾಡಬಹುದಾಗಿತ್ತು.

ಇವೆಲ್ಲ ದೊಡ್ಡವರ ವ್ಯವಹಾರ, ಸಹಿಸಬಹುದು. ಮಗಳ ವಿಷಯ ಬೇರೆ. ಅವಳು ಹುಟ್ಟಿದಾಗಿನಿಂದ ಅಜ್ಜಿಯ ಕೈತುತ್ತು ತಿಂದು ಬೆಳೆದವಳು. ಒಂದು ದಿನ ಸಂಜೆ ಅವ್ವ ಅವರೆಕಾಳಿನ ಉಪ್ಪಿಟ್ಟು ಮಾಡಿದ್ದಳು. ಘಮ್ಮೆನ್ನುತ್ತಿತ್ತು. ಮಗಳು ತನ್ನ ಸ್ಟೀಲಿನ ತಟ್ಟೆ ಹಿಡಿದುಕೊಂಡು ಹೋಗಿ ಜಗಲಿಯ ಹೊಸ್ತಿಲ ಮೇಲೆ ನಿಂತಳು. ನಾನು ಹಜಾರದಿಂದ ನೋಡುತ್ತಿದ್ದೆ.

ಅವ್ವ ಸೌಟು ತೆಗೆದಳು. ಎತ್ತಿದ ಕೈ ಹಾಗೇ ನಿಂತಿತು. ಸೌಟನ್ನು ಮತ್ತೆ ಪಾತ್ರೆಗೆ ಹಾಕಿದಳು.

"ಇದು ದೊಡ್ಡತ್ತೆ ತಾತಂಗೆ ನಂಗೆ ಅಂತ ಕಳ್ಸಿರೋದು ಮಗ. ಬೇರೆಯೋರಿಗೆ ಆಕಲ್ಲ ಅಂತ ಬರ್ಕೊಟ್ಟಿದೀವಿ. ನಿಮ್ಮನೇಲಿ ಅಮ್ಮ ಏನ್ ಮಾಡವ್ಳೆ ನೋಡೋಗು."

ಮಗಳು ಅಳಲಿಲ್ಲ. ಅದು ಇನ್ನೂ ಕಷ್ಟವಾಯಿತು. ಖಾಲಿ ತಟ್ಟೆ ಹಿಡಿದು ಒಳಗೆ ಬಂದು, "ಅಪ್ಪ, ನಮ್ಮನೆ ಯಾವುದು?" ಎಂದು ಕೇಳಿದಳು. ನಾನು ಎದ್ದು ಜಗಲಿಗೆ ಹೋಗಿ ಕೂಗಾಡಿದೆ. ಮಗುವಿನ ಹೊಟ್ಟೆಗೆ ಹಾಕದಷ್ಟು ದೊಡ್ಡ ಸತ್ಯವಂತೆಯಾ ನೀನು, ಜರ್ಮನಿಯಿಂದ ಯಾರಾದರೂ ಬಂದು ನಿನ್ನ ಪಾತ್ರೆ ಮುಚ್ಚಳ ತೆಗೆದು ನೋಡುತ್ತಾರಾ, ಎಂದೆಲ್ಲ. ಅವ್ವ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ಆಮೇಲೆ ಇಷ್ಟೇ ಹೇಳಿದಳು: "ಯಾರೂ ನೋಡಲ್ಲ ಅಂತ ನಂಗೂ ಗೊತ್ತು ಕಣಪ್ಪ. ನಾನು ಸುಳ್ಳಾಡಿದ್ರೆ ನಿಮ್ಮಕ್ಕಂಗೆ ತಾನೇ ಕೆಟ್ದು. ಪರದೇಶದಲ್ಲಿ ಒಬ್ಳೇ ಅವ್ಳೆ."

ಅಂದು ಅವ್ವನೂ ಉಪ್ಪಿಟ್ಟು ತಿನ್ನಲಿಲ್ಲ. ಅಪ್ಪ ಮೊಮ್ಮಗಳ ಕೈಹಿಡಿದುಕೊಂಡು ಕಾರಂಜಿ ಕೆರೆಯ ಕಡೆ ಹೋಗಿ ಕಡಲೆಕಾಯಿ ಕೊಡಿಸಿಕೊಂಡು ಬಂದರು. ಆ ದುಡ್ಡು ಅಕ್ಕನದೇ. ಅವ್ವ ಅದನ್ನು ನೋಡಿದರೂ ನೋಡದ ಹಾಗೆ ಇದ್ದಳು.

ಬೀದಿಯಲ್ಲಿ ಸುದ್ದಿ ಆಗಿತ್ತು. ಎರಡು ಒಲೆ, ಎರಡು ರೇಷನ್ ಕಾರ್ಡು, ಎರಡು ಪಾಲು ಸೀಮೆಎಣ್ಣೆ. ಮಗ ಬೇರೆ ಹಾಕಿದ ಎಂದು ಯಾರೂ ಅನ್ನಲಿಲ್ಲ. "ಸೊಸೆ ಬೇರೆ ಹಾಕ್ಬುಟ್ಲಂತೆ" ಎಂದರು. ನಲ್ಲಿ ಹತ್ತಿರ ಮಾತು ಕೇಳಿಸಿಕೊಂಡು ಬಂದ ನನ್ನ ಹೆಂಡತಿ ಬಿಂದಿಗೆಯನ್ನು ಕುಕ್ಕಿ ಇಟ್ಟು, "ನಿಮ್ಮ ಟ್ಯಾಕ್ಸ್ ಉಳಿಸೋಕೆ ನನ್ನ ಮರ್ಯಾದೆ ಕಟ್ಟಿದಂಗಾಯ್ತಲ್ರೀ" ಎಂದಳು. ನಾನು ಹೋಗಿ ನಾಲ್ಕು ಜನಕ್ಕೆ ನಿಜ ಹೇಳಬಹುದಿತ್ತು. ಹೇಳಿದರೆ ಅಕ್ಕನ ದುಡ್ಡಿನ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಹಬ್ಬ ಬಂದರೆ ಇನ್ನೊಂದು ತಮಾಷೆ. ಬೇರೆ ಮನೆಯವರನ್ನು ಕರೆಯದೆ ಊಟಕ್ಕೆ ಕೂರಿಸುವ ಹಾಗಿಲ್ಲವಲ್ಲ. ಯುಗಾದಿಯ ಬೆಳಿಗ್ಗೆ ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಅಡುಗೆಮನೆಯಿಂದ ಜಗಲಿಗೆ ಹೋಗಿ, "ಅತ್ತೆ, ಇವತ್ತು ನಮ್ಮನೇಲಿ ಒಬ್ಬಟ್ಟು, ಮಾವನ್ನ ಕರ್ಕೊಂಡು ಬನ್ನಿ" ಎಂದು ಕರೆಯುತ್ತಿದ್ದಳು. ಅವ್ವ ಹೊಸ ಸೀರೆ ಉಟ್ಟು, ಹಿಂದಿನ ಬಾಗಿಲಿಂದ ಇಳಿದು, ಮನೆಯನ್ನು ಸುತ್ತಿಕೊಂಡು ಮುಂಬಾಗಿಲಿಂದ ಒಳಗೆ ಬರುತ್ತಿದ್ದಳು. ಬರಿಗೈಯಲ್ಲಿ ಬರುತ್ತಿರಲಿಲ್ಲ, ಮೊಮ್ಮಗಳಿಗೆ ಹಣ್ಣು ತರುತ್ತಿದ್ದಳು. ಮೊದಲ ವರ್ಷ ನಾವು ನಕ್ಕೆವು. ಮುಂದಿನ ವರ್ಷ ನಗಲಿಲ್ಲ. ಅದಾದ ಮೇಲೆ ಅದೇ ಪದ್ಧತಿಯಾಯಿತು.

ಅವ್ವ ಕೋಪ ಮಾಡಿಕೊಂಡಿದ್ದಿದ್ದರೆ ಚೆನ್ನಾಗಿತ್ತು. ಕೋಪವಾದರೆ ಕಾಲು ಹಿಡಿದು ಇಳಿಸಬಹುದು. ಅವಳು ಎಂದಿನಂತೆಯೇ ಇದ್ದಳು. ಮಗಳ ಜಡೆ ಹಾಕುತ್ತಿದ್ದಳು, ನನ್ನ ಹೆಂಡತಿಗೆ ಸೊಪ್ಪು ಸೋಸಿಕೊಡುತ್ತಿದ್ದಳು, ನನಗೆ ಜ್ವರ ಬಂದರೆ ಪಕ್ಕದಲ್ಲೇ ಕೂರುತ್ತಿದ್ದಳು. ಒಲೆ ಹಚ್ಚುವ ಹೊತ್ತಾದರೆ ಮಾತ್ರ ಎದ್ದು, "ಬರ್ತೀನಿ ಕಣಪ್ಪ" ಎಂದು ಹೇಳಿ ಹಿಂದಕ್ಕೆ ಹೋಗುತ್ತಿದ್ದಳು. ಅಷ್ಟೇ ದೂರಕ್ಕೆ 'ಬರ್ತೀನಿ' ಎಂದು ಹೇಳಿ ಹೋಗುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ವರ್ಷ ವರ್ಷ ಫಾರಂ ಬಂತು, ನಾನು ಟೈಪ್ ಮಾಡಿದೆ, ಸೀಲು ಬಿತ್ತು. ವರ್ಷ ವರ್ಷ ಅಕ್ಕನಿಗೆ ಸ್ವಲ್ಪ ತೆರಿಗೆ ವಾಪಸ್ ಬಂತು, ಅದು ಮಗಳ ಶಾಲೆಗೆ ಹೋಯಿತು. ಅಕ್ಕನಿಗೆ ಜಗಲಿಯ ಸಂಗತಿ ಗೊತ್ತಿರಲಿಲ್ಲ. ಫೋನಿನಲ್ಲಿ ಅವ್ವ, "ಎಲ್ಲ ಚೆನ್ನಾಗಿದೀವಿ ಕಣವ್ವ" ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅಪ್ಪ ಹೋದರು. ದೊಡ್ಡ ಕಾಯಿಲೆಯೇನಲ್ಲ, ಬಿಸಿಲು ಕಾಯಿಸುತ್ತಾ ಕೂತಿದ್ದವರು ಹಾಗೇ ಒರಗಿದರು. ಶಿವಗಣಾರಾಧನೆಯವರೆಗೆ ನೆಂಟರು, ಮಠದವರು ಬಂದು ಹೋಗುತ್ತಿದ್ದರು, ದೊಡ್ಡ ಹಂಡೆಯಲ್ಲಿ ಅಡುಗೆಯಾಗುತ್ತಿತ್ತು. ಅಷ್ಟು ದಿನವೂ ಅವ್ವ ನಮ್ಮೆಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡಳು. ಮಗಳು ಅಜ್ಜಿಯ ಪಕ್ಕದಲ್ಲೇ ಕೂರುತ್ತಿದ್ದಳು. ಯಾರೂ ತಲೆ ಎಣಿಸಲಿಲ್ಲ. ಸಾವಿನ ಮನೆಯಲ್ಲಿ ಹೀಗನ್ನಬಾರದು, ಆದರೂ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ನೆಂಟರೆಲ್ಲ ಹೋದ ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಸ್ಟೌವಿನ ಬತ್ತಿ ಏರಿಸುವ ಸದ್ದು ಕೇಳಿಸಿತು. ಈಗ ಒಂದೇ ಮುದ್ದೆ.

ಅಕ್ಕನಿಗೆ ಅಪ್ಪನ ಮಣ್ಣಿಗೆ ಬರಲು ಆಗಿರಲಿಲ್ಲ. ಬೇಸಿಗೆಯಲ್ಲಿ ಬಂದಳು. ತಲೆಯಲ್ಲಿ ಅರ್ಧ ಬಿಳಿಕೂದಲು, ಮುದುಕರನ್ನು ಎತ್ತಿ ಎತ್ತಿ ನೋವಾದ ಸೊಂಟ. ಬಂದ ದಿನ ಊಟದ ಹೊತ್ತಿಗೆ ಅವ್ವ ಎದ್ದು ಹಿಂದಕ್ಕೆ ಹೋದದ್ದನ್ನು ನೋಡಿ ಅವಳೂ ಹೋದಳು. ಅಲ್ಲಿಂದ ನನ್ನನ್ನು ಕೂಗಿದಳು. ನಾನು ಹೊಸ್ತಿಲ ಮೇಲೆ ನಿಂತೆ, ಮಗಳು ತಟ್ಟೆ ಹಿಡಿದು ನಿಂತಿದ್ದ ಜಾಗದಲ್ಲೇ.

"ಇದೇನೋ ಇದು? ಕಾಗದದ ಮೇಲೆ ಅಂದಿದ್ದೆ?"

ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಮಣೆಯ ಮೇಲೆ ಕೂತು, ಹಲಗೆಯ ಮೇಲಿನ ಎರಡು ಪಾತ್ರೆಗಳನ್ನು, ಉಪ್ಪಿನ ಡಬ್ಬಿಯನ್ನು ನೋಡಿದಳು. "ಎಷ್ಟು ವಾಪಸ್ ಬರ್ತಿತ್ತು ಗೊತ್ತೇನೋ? ಅಲ್ಲಿ ಚಳಿಗೆ ಒಂದು ಕೋಟು, ಒಂದು ಜೊತೆ ಬೂಟು. ಅಷ್ಟು. ಅವ್ವ ಇಂಗೆ ಕೂತಾಳೆ ಅಂತ ಗೊತ್ತಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ ಅತ್ತಳು. ಅವ್ವ, "ಅಳ್ಬ್ಯಾಡ, ಉಣ್ಣು. ಇದು ನಿಂದೇ" ಎಂದು ಅವಳ ತಟ್ಟೆಗೆ ಬಡಿಸಿದಳು. ಅಕ್ಕ ಇದ್ದಷ್ಟು ದಿನ ಜಗಲಿಯಲ್ಲೇ ಉಂಡಳು. ನನ್ನ ಹೆಂಡತಿ ದಿನಾ ಅವಳಿಗಾಗಿ ಏನಾದರೊಂದು ವಿಶೇಷ ಮಾಡಿ, ಅದನ್ನು ಬಟ್ಟಲಲ್ಲಿ ಹಿಂದಕ್ಕೆ ಕೊಟ್ಟು ಬರುತ್ತಿದ್ದಳು.

ಹೊರಡುವಾಗ ಅಕ್ಕ ಇನ್ನು ಆ ಫಾರಂ ಕಳಿಸುವುದಿಲ್ಲ ಎಂದಳು. ಸಂಜೆ ನಾನು ಅವ್ವನ ಮುಂದೆ ಕೂತೆ.

"ಅವ್ವ, ಮುಗೀತು. ಇನ್ನೇನೂ ಬರ್ಕೊಡಂಗಿಲ್ಲ. ಸ್ಟೌವ್ ಎತ್ತಿಟ್ಬುಡ್ತೀನಿ. ನಾಳೆಯಿಂದ ಒಳಗೇ ಉಣ್ಣು."

"ಆಯ್ತು ಕಣಪ್ಪ" ಎಂದಳು.

ಮಾರನೆಯ ದಿನ ಒಳಗೆ ಬಂದು ಕೂತಳು. ನನ್ನ ಹೆಂಡತಿ ಬಡಿಸಿದಳು. ಅವ್ವ ಎರಡು ತುತ್ತು ತಿಂದು, "ಸಾರು ಚೆನ್ನಾಗದೆ" ಎಂದಳು. ಇನ್ನೊಬ್ಬರ ಮನೆಗೆ ಹೋದವರು ಹೇಳುವ ಹಾಗೆ. ಇನ್ನೂ ಸ್ವಲ್ಪ ಅನ್ನ ಬೇಕಿತ್ತೋ ಏನೋ, ಕೇಳಲಿಲ್ಲ, ಸಾಕು ಎಂದು ಕೈ ಅಡ್ಡ ಹಿಡಿದಳು. ಹೀಗೇ ಸ್ವಲ್ಪ ದಿನ ನಡೆಯಿತು. ಅವಳು ಇಳಿದುಹೋದದ್ದು ಕಣ್ಣಿಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅಟ್ಟದಿಂದ ಸ್ಟೌವನ್ನು ತಾನೇ ಇಳಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು.

"ಯಾಕವ್ವ ಮತ್ತೆ?"

"ರೂಢಿ ಆಗೋಗದೆ ಕಣಪ್ಪ. ಇಲ್ಲಿ ಉಂಡ್ರೇನೇ ಒಟ್ಟೆ ತುಂಬೋದು."

ಬತ್ತಿ ಸ್ಟೌವಿನ ಬದಲು ಒಂದು ಸಣ್ಣ ಗ್ಯಾಸ್ ಒಲೆ ತಂದುಕೊಟ್ಟೆ. ನನ್ನ ದುಡ್ಡಿನಲ್ಲಿ ಅವ್ವನ ಅಡುಗೆಗೆಂದು ನಾನು ತಂದ ಮೊದಲ ವಸ್ತು ಅದು.

ಹಲವು ವರ್ಷಗಳಾದ ಮೇಲೆ, ಮಗಳು ಹೈಸ್ಕೂಲಿನಲ್ಲಿದ್ದಾಗ, ಒಂದು ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ ರೇಷನ್ ಕಾರ್ಡಿನ ವಿವರ ಬರೆದುಕೊಳ್ಳುವವರು ಬಂದರು. ಬಗಲಲ್ಲಿ ಚೀಲ ಹಾಕಿಕೊಂಡ ಒಬ್ಬ ಶಾಲಾ ಮೇಷ್ಟ್ರು. ಮಗಳು ಮುಂಬಾಗಿಲಲ್ಲಿ ಓದುತ್ತಾ ಕೂತಿದ್ದಳು, ಪಕ್ಕದಲ್ಲಿ ಅವ್ವ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ನಾನು ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದೆ.

"ಮನೇಲಿ ಎಷ್ಟು ಜನಮ್ಮ?" ಎಂದು ಮೇಷ್ಟ್ರು ಕೇಳಿದ್ದು ಕೇಳಿಸಿತು.

"ಮೂರು" ಎಂದಳು ಮಗಳು. ಪುಸ್ತಕದಿಂದ ತಲೆ ಎತ್ತದೆ, ಯೋಚನೆಯನ್ನೂ ಮಾಡದೆ. ಅವಳ ಧ್ವನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ತಿಳಿವಳಿಕೆ ಬಂದಾಗಿನಿಂದ ಅವಳು ಕಂಡದ್ದು ಅದನ್ನೇ.

ನಾನು ಮುಖದಲ್ಲಿ ಸೋಪು ಇರುವಂತೆಯೇ ಹೊರಗೆ ಓಡಿಬಂದೆ. "ಮೂರಲ್ಲ ಸರ್, ನಾಲ್ಕು. ನಮ್ಮ ತಾಯೀನೂ ನಮ್ಮ ಜೊತೇಲೇ ಇರೋದು."

ಮೇಷ್ಟ್ರು ಕಾಗದಗಳನ್ನು ತಿರುವಿ ನೋಡಿದರು. "ಇವರ ಕಾರ್ಡ್ ಬೇರೆ ಅದೆಯಲ್ಲ ಸಾರ್. ಒಲೆ ಒಂದೇನಾ?"

ಹಿಂದಿನ ಜಗಲಿಯಿಂದ ಅವ್ವನ ಸಾರು ಕುದಿಯುವ ವಾಸನೆ ಬರುತ್ತಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಕುಕ್ಕರ್ ಕೂಗಿತು. ಒಂದೇ ಎಂದು ಹೇಳಲು ಬಾಯಿ ತೆರೆದೆ. ಅವ್ವ ನನ್ನ ಮುಖ ನೋಡುತ್ತಿದ್ದಳು. ಅವತ್ತು ಇನ್‌ಸ್ಪೆಕ್ಟರ್ ಮುಂದೆ ನೋಡಿದ್ದಳಲ್ಲ, ಅದೇ ನೋಟ. ನಾನು ಮುಖದ ಸೋಪು ಒರೆಸಿಕೊಳ್ಳತೊಡಗಿದೆ.

ಮೇಷ್ಟ್ರು ಅವ್ವನ ಕಡೆ ಬಗ್ಗಿದರು. "ಅಜ್ಜಿ, ನೀವೇ ಹೇಳಿ. ನಿಮ್ಮನೇಲಿ ಎಷ್ಟು ಜನ?"

ಅವ್ವ ಮೊಮ್ಮಗಳ ತಲೆ ಸವರುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ನಾನೊಬ್ಳೇ ಕಣಪ್ಪ" ಎಂದಳು.

ಮೇಷ್ಟ್ರು ಹಾಗೇ ಬರೆದುಕೊಂಡರು.